ಶಾಲೆ ಬಿಟ್ಟ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು?



ಮಳೆಗಾಲ ತಲೆಯ ಮೇಲೆ ಬಂದಿರುವಾಗ ಈ ಪುಟದಲ್ಲಿ ಮೈಲುತುತ್ತದ ದರ, ಬೋರ್ಡೋ ದ್ರಾವಣದ ಹದ, ಕೊನೆಗಾರರ ಅಭಾವ, ಕಾಫಿಯ ಕಾಂಡಕೊರಕ ಇವುಗಳ ಬಗ್ಗೆ ಓದಲು ತಾವು ಕಾದಿರುತ್ತೀರಿ ಎಂಬುದು ನಮಗೆ ತಿಳಿಯದ ವಿಷಯವಲ್ಲ. ಆ ವಿವರಗಳು ಒಳಪುಟಗಳಲ್ಲಿವೆ. ಈ ಸಲ ಇಲ್ಲಿ ಬೇರೊಂದು ವಿಚಾರವನ್ನು ಪ್ರಸ್ತಾಪಿಸಬಯಸುತ್ತೇವೆ. ಇದು ತೋಟದ ವಿಚಾರವಲ್ಲ, ಮನೆಯ ವಿಚಾರ. ಆದರೆ ಸಂಘದ ವಿಚಾರವೂ ಹೌದು. ಏಕೆಂದರೆ ಇದರಲ್ಲಿ ಸಂಘದ ತಪ್ಪಿದೆ; ಕಾರ್ಯದರ್ಶಿಯಾದ ನಮ್ಮ ತಪ್ಪಂತೂ ಇನ್ನೂ ಹೆಚ್ಚಿಗೆ ಇದೆ.

ಎರಡು ವರ್ಷಗಳ ಹಿಂದೆ ನಮ್ಮ ಗೋದಾಮಿನ ಮೇಲಂತಸ್ತಿನ ಸಭಾಂಗಣದಲ್ಲಿ ಮಕ್ಕಳಿಗಾಗಿ ಸಂಜೆಯ ತರಗತಿಯನ್ನು ಆರಂಭಿಸಿದ್ದು ತಮಗೆ ನೆನಪಿರಬಹುದು. ಬುಧವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಶನಿವಾರ ಮಧ್ಯಾಹ್ನದ ಮೇಲೆ ಎರಡು ಗಂಟೆ. ಯಕ್ಷಗಾನದ ಹೆಜ್ಜೆ ಮತ್ತು ತಾಳ, ಸ್ವಲ್ಪ ಚಿತ್ರ ಬಿಡಿಸುವುದು, ಕತೆ ಹೇಳುವುದು. ಸದಸ್ಯರ ಮಕ್ಕಳ ಜೊತೆಗೆ ತೋಟದ ಕಾರ್ಮಿಕರ ಮಕ್ಕಳೂ ಬರಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಆ ತೀರ್ಮಾನದ ಬಗ್ಗೆ ನಾವು ಸಾಕಷ್ಟು ಹೆಮ್ಮೆಪಟ್ಟುಕೊಂಡಿದ್ದೆವು. ‘ಎಲ್ಲಾ ಮಕ್ಕಳಿಗೂ ಸ್ವಾಗತ’ ಎಂದು ಸೂಚನಾ ಫಲಕದಲ್ಲಿ ನಾವೇ ಬರೆದು ಹಾಕಿದ್ದೆವು.

ಒಂದು ದಿನ ಸದಸ್ಯೆಯೊಬ್ಬರು ಗೊಬ್ಬರದ ಬಾಕಿ ಕಟ್ಟಲು ಬಂದವರು ಆ ಫಲಕವನ್ನು ಓದಿ ನಮ್ಮ ಮೇಜಿನ ಬಳಿ ನಿಂತರು. ಒಂದೂವರೆ ಎಕರೆ ಅಡಿಕೆ, ಅದರ ನಡುವೆ ಒಂದಿಷ್ಟು ಕಾಫಿ ಇರುವ ಮನೆ. ಅವರ ಏಳು ವರ್ಷದ ಮಗಳಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಎಡಗೈ ಮತ್ತು ಕಾಲುಗಳು ಬಿಗಿ. ವಾಕರ್ ಹಿಡಿದು ನಡೆಯುತ್ತಾಳೆ. ಮಾತು ನಿಧಾನ, ಪರಿಚಯವಿಲ್ಲದವರಿಗೆ ಬೇಗ ಅರ್ಥವಾಗುವುದಿಲ್ಲ. ಮಗಳನ್ನು ತರಗತಿಗೆ ಕರೆತರಬಹುದೇ ಎಂದು ಅವರು ಕೇಳಿದರು. ನಾವು ಸಭಾಂಗಣದ ಇಪ್ಪತ್ತೆರಡು ಮೆಟ್ಟಿಲುಗಳನ್ನು ನೆನೆದು, ಹೆಜ್ಜೆ ಕಲಿಸುವ ತರಗತಿಯನ್ನು ನೆನೆದು, ಒಳ್ಳೆಯ ಮಾತಿನಲ್ಲೇ, “ಇನ್ನು ಸ್ವಲ್ಪ ದೊಡ್ಡವಳಾಗಲಿ ತಂಗಿ, ಆಮೇಲೆ ನೋಡೋಣ” ಎಂದೆವು.

ಆಕೆ ರಸೀದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ, “ಅವಳು ದೊಡ್ಡವಳಾದ್ರೆ ಮೆಟ್ಟಿಲು ಕಮ್ಮಿ ಆಗ್ತವಾ ಅಣ್ಣಯ್ಯ?” ಎಂದು ಕೇಳಿ ಹೊರಟುಹೋದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾವು ಅದನ್ನು ಮರೆಯುತ್ತಿದ್ದೆವೋ ಏನೋ. ಆ ದಿನದಿಂದ ಈ ವಿಚಾರವನ್ನು ಓದಿ, ತಿಳಿದವರನ್ನು ಕೇಳಿ, ತಪ್ಪು ಮಾಡಿ ಕಲಿತದ್ದನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸಂಜೆಯೆಂಬ ಕೊರತೆ

ಅಂಗವಿಕಲ ಮಗುವಿಗೆ ಶಾಲೆಯ ಬಾಗಿಲು ಈಗ ಮೊದಲಿನಂತೆ ಮುಚ್ಚಿಲ್ಲ. ಮನೆಯ ಹತ್ತಿರದ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳುತ್ತದೆ. ಆದರೆ ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೆ ಏನು? ಉಳಿದ ಮಕ್ಕಳು ಮೈದಾನಕ್ಕೆ ಓಡುತ್ತಾರೆ, ಹಳ್ಳದ ದಾರಿಯಲ್ಲಿ ಪೇರಲೆ ಕೊಯ್ಯುತ್ತಾರೆ, ಯಾರದೋ ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ, ಜಗಳವಾಡುತ್ತಾರೆ, ಮರುದಿನ ರಾಜಿಯಾಗುತ್ತಾರೆ. ಈ ಮಗು ಮನೆಗೆ ಬರುತ್ತದೆ. ತಾಯಿ ಕೈಕಾಲುಗಳಿಗೆ ವೈದ್ಯರು ಹೇಳಿಕೊಟ್ಟ ವ್ಯಾಯಾಮ ಮಾಡಿಸುತ್ತಾಳೆ. ಆಮೇಲೆ ಟಿ.ವಿ., ಇಲ್ಲವೇ ಮೊಬೈಲು. ರಾತ್ರಿಯಾಗುತ್ತದೆ.

ವ್ಯಾಯಾಮ ಬೇಕೇ ಬೇಕು, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಅದು ಚಿಕಿತ್ಸೆ, ಆಟವಲ್ಲ. ಅದರಲ್ಲಿ ಗೆಳೆಯರಿಲ್ಲ. ಏಳು ವರ್ಷದ ಮಗುವಿನ ದಿನವೆಲ್ಲ ಪಾಠ ಮತ್ತು ಚಿಕಿತ್ಸೆಯಲ್ಲೇ ಕಳೆದರೆ ಅದು ದೊಡ್ಡವರ ನಡುವೆಯೇ ಬೆಳೆಯುತ್ತದೆ. ಹಟ ಮಾಡುವುದು, ಸೋಲುವುದು, ಪಾಲು ಹಂಚಿಕೊಳ್ಳುವುದು, ‘ನನ್ನನ್ನೂ ಸೇರಿಸಿಕೊಳ್ಳಿ’ ಎಂದು ಕೇಳುವುದು ಇವೆಲ್ಲ ಮಕ್ಕಳು ಮಕ್ಕಳಿಂದ ಕಲಿಯುವ ವಿದ್ಯೆ. ಅದನ್ನು ತಾಯಿ ಕಲಿಸಲಾರಳು, ಮೇಷ್ಟ್ರೂ ಕಲಿಸಲಾರರು.

ನಮ್ಮ ಮಲೆನಾಡಿನಲ್ಲಿ ಈ ಕೊರತೆ ಇನ್ನೂ ಹೆಚ್ಚು. ಬಯಲುಸೀಮೆಯ ಊರಿನಲ್ಲಿ ಬಾಗಿಲು ತೆರೆದರೆ ಬೀದಿ, ಬೀದಿಯಲ್ಲಿ ಮಕ್ಕಳು. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಮೈಲಿ. ನಡುವೆ ಏರು, ಇಳಿಜಾರು, ಸಂಕ. ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಜಾರುವ ದಾರಿ. ಗಟ್ಟಿ ಕಾಲಿನ ಮಗುವೇ ಮನೆಯಲ್ಲಿ ಕೂರುವ ಊರಿನಲ್ಲಿ ವಾಕರ್ ಹಿಡಿದ ಮಗುವಿನ ಪಾಡೇನು? ಹಿಂದೆ ಅಡಿಕೆ ಸುಲಿಯುವ ಕಾಲದಲ್ಲಾದರೂ ಹತ್ತು ಮನೆಯವರು ಒಂದೇ ಚಪ್ಪರದಲ್ಲಿ ಸೇರುತ್ತಿದ್ದರು. ಮೆಟ್ಟುಗತ್ತಿಯ ಸಾಲಿನಾಚೆ ಮಕ್ಕಳದೇ ಒಂದು ಸಂತೆ. ಅಲ್ಲಿ ಕುಂಟನೂ ಇದ್ದ, ಕಿವುಡಿಯೂ ಇದ್ದಳು, ಯಾರೂ ಯಾರನ್ನೂ ಹೊರಗಿಟ್ಟಿರಲಿಲ್ಲ. ಅವರನ್ನು ಕರೆಯುತ್ತಿದ್ದ ಅಡ್ಡಹೆಸರುಗಳು ಒಳ್ಳೆಯವಲ್ಲ, ಒಪ್ಪುತ್ತೇವೆ. ಆದರೆ ಜೊತೆಯಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರವನ್ನು ದೂರುವುದಿಲ್ಲ, ಅದನ್ನು ಬಾಡಿಗೆಗೆ ಕೊಡುವವರೂ ನಾವೇ. ಆದರೆ ಆ ಚಪ್ಪರದ ಜೊತೆಗೆ ಹೋದದ್ದನ್ನು ಇನ್ನೊಂದು ರೀತಿಯಲ್ಲಿ ತುಂಬಿಕೊಡಬೇಕಾದವರೂ ನಾವೇ ಅಲ್ಲವೇ?

ಕಾನೂನು ಏನು ಹೇಳುತ್ತದೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಆ ಲೆಕ್ಕದಲ್ಲಿ ಎಂಟು ವಿಧದ ವೈಕಲ್ಯಗಳನ್ನು ಮಾತ್ರ ಕೇಳಲಾಗಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ವಿಧಗಳನ್ನು ಗುರುತಿಸಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕೆಯ ನಿರ್ದಿಷ್ಟ ತೊಂದರೆಗಳು ಅದರಲ್ಲಿ ಸೇರಿವೆ.

ಆ ಅಧಿನಿಯಮದ 16ನೆಯ ಪ್ರಕರಣವನ್ನು ಬಹಳ ಮಂದಿ ಅರ್ಧ ಮಾತ್ರ ಓದುತ್ತಾರೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು ಎಂಬುದು ಮೊದಲರ್ಧ. ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕು ಎಂಬುದು ಉಳಿದರ್ಧ. ಆಟದ ಪಿರಿಯಡ್ಡಿನಲ್ಲಿ ಮಗುವನ್ನು ‘ಎಲ್ಲರ ಚೀಲ ಕಾಯಲು’ ಕೂರಿಸುವುದು ದಯೆಯಲ್ಲ, ಕಾನೂನಿಗೆ ವಿರುದ್ಧ. 2007ರಲ್ಲಿ ಭಾರತ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯೂ ಆಟ, ವಿರಾಮ ಮತ್ತು ಕ್ರೀಡೆ ಅಂಗವಿಕಲ ಮಕ್ಕಳ ಹಕ್ಕು ಎಂದು ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಕಾನೂನು ತಾನಾಗಿ ತೋಟದ ದಾರಿಯನ್ನು ಹತ್ತಿ ಬರುವುದಿಲ್ಲ. ಶಾಲೆಯ ಗೇಟಿನ ಆಚೆಗಿನ ಸಂಜೆ ಊರಿನ ಕೈಯಲ್ಲಿದೆ. ಭಜನಾ ಮಂಡಳಿ, ಯುವಕ ಸಂಘ, ಯಕ್ಷಗಾನದ ಗುರುಗಳು, ಪಂಚಾಯಿತಿಯ ಗ್ರಂಥಾಲಯ, ನಮ್ಮ ಸಹಕಾರ ಸಂಘ ಇವರೆಲ್ಲ ಮನಸ್ಸು ಮಾಡಿದರೆ ಮಾತ್ರ ಆ ಸಂಜೆಗೆ ಬಾಗಿಲು ತೆರೆಯುತ್ತದೆ.

ಪ್ರಶ್ನೆಯನ್ನೇ ತಿರುಗಿಸಬೇಕು

ನಾವು ಮಾಡಿದ ತಪ್ಪು ಇದು: ‘ಈ ಮಗು ನಮ್ಮ ತರಗತಿಗೆ ಹೊಂದುತ್ತದೆಯೇ?’ ಎಂದು ಕೇಳಿಕೊಂಡೆವು. ‘ನಮ್ಮ ತರಗತಿಯಲ್ಲಿ ಏನನ್ನು ಬದಲಿಸಿದರೆ ಈ ಮಗು ಬರಬಹುದು?’ ಎಂದು ಕೇಳಿಕೊಳ್ಳಬೇಕಿತ್ತು. ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡ ಬಿಸಿಲಿಗೆ ಬಾಡಿದರೆ ಗಿಡದ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ನೆರಳನ್ನು ಸರಿಮಾಡುತ್ತೇವೆ.

ಆಟವನ್ನು ಬದಲಿಸಿಕೊಳ್ಳುವುದು ಹೊಸ ವಿಚಾರವೇನೂ ಅಲ್ಲ. ಕುಳಿತು ಆಡುವ ವಾಲಿಬಾಲ್ 1956ರಷ್ಟು ಹಿಂದೆಯೇ ಹಾಲೆಂಡಿನಲ್ಲಿ ಹುಟ್ಟಿತು. ಬಲೆಯನ್ನು ತಗ್ಗಿಸಿ ಎಲ್ಲರೂ ನೆಲದ ಮೇಲೆ ಕೂತರೆ ಆಯಿತು. ಕಣ್ಣು ಕಾಣದವರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಉಕ್ಕಿನ ಗೋಲಿಗಳಿರುತ್ತವೆ. ಚೆಂಡನ್ನು ಕೈ ಕೆಳಗಿನಿಂದ ಉರುಳಿಸಿ ಎಸೆಯುತ್ತಾರೆ, ಬ್ಯಾಟುಗಾರ ಸದ್ದು ಕೇಳಿ ಹೊಡೆಯುತ್ತಾನೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ತಂಡದ ನಾಯಕರಾಗಿದ್ದವರು ನಮ್ಮ ಶಿವಮೊಗ್ಗದ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಕಣ್ಣು ಕಾಣದ ಓಟಗಾರ್ತಿ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಅದೇ ಓಟದ ಚಿನ್ನ ಅವರದಾಯಿತು. ಅವರ ಜೊತೆ ಕೈಗೆ ಸಣ್ಣ ಪಟ್ಟಿ ಕಟ್ಟಿಕೊಂಡು ಒಬ್ಬ ಸಂಗಾತಿ ಓಡುತ್ತಾರೆ. ದೊಡ್ಡ ಯಂತ್ರವಿಲ್ಲ, ದೊಡ್ಡ ಖರ್ಚಿಲ್ಲ. ಒಂದು ಪಟ್ಟಿ ಮತ್ತು ಜೊತೆಗೆ ಓಡುವ ಒಬ್ಬ ಮನುಷ್ಯ.

ಸಂಗೀತದಲ್ಲಂತೂ ಕನ್ನಡ ನಾಡು ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣು ಕಾಣದವರಾಗಿದ್ದು, ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಜಾತಿಮತ ನೋಡದೆ ವಿದ್ಯೆ ಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪದಕ ಗೆದ್ದವರ ಹೆಸರನ್ನು ಹೇಳಿದ್ದು, ಪ್ರತಿ ಅಂಗವಿಕಲ ಮಗುವೂ ಪದಕ ಗೆಲ್ಲಬೇಕೆಂದಲ್ಲ. ನಮ್ಮ ಮಕ್ಕಳೆಲ್ಲ ಪದಕ ಗೆಲ್ಲುತ್ತಾರೆಂದು ನಾವು ಅವರನ್ನು ಮೈದಾನಕ್ಕೆ ಬಿಡುತ್ತೇವೆಯೇ? ಸಂಜೆ ಖುಷಿಯಾಗಿರಲಿ ಎಂದು ಬಿಡುತ್ತೇವೆ. ಈ ಮಗುವಿಗೂ ಅಷ್ಟೇ ಕಾರಣ ಸಾಕು.

ನಮ್ಮಲ್ಲಿ ನಡೆದದ್ದು

ತರಗತಿಯನ್ನು ಮೇಲಿನಿಂದ ಕೆಳಗಿಳಿಸಲು ನಮಗೆ ಎಂಟು ತಿಂಗಳು ಹಿಡಿಯಿತು. ಗೋದಾಮಿನ ಮುಂಭಾಗದಲ್ಲಿ ಹಳೆಯ ಗೋಣಿಚೀಲ, ಮುರಿದ ತಕ್ಕಡಿ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿದ್ದಷ್ಟೇ ಕೆಲಸ. ಒಂದು ಭಾನುವಾರ ಮಧ್ಯಾಹ್ನದೊಳಗೆ ಮುಗಿಯಿತು. ಎಂಟು ತಿಂಗಳು ಹಿಡಿದದ್ದು ಕೋಣೆ ತೆರವು ಮಾಡುವುದಕ್ಕಲ್ಲ, ಮನಸ್ಸು ಮಾಡುವುದಕ್ಕೆ.

ಮೊದಲ ದಿನವೇ ಎಲ್ಲವೂ ಕೆಟ್ಟಿತು. ಮಗು ಬಂದು ಕೂತ ಐದು ನಿಮಿಷಕ್ಕೆ ಚಂಡೆಯ ಪೆಟ್ಟು ಬಿತ್ತು. ಮಗು ಬೆಚ್ಚಿ ಮೈಯೆಲ್ಲ ಸೆಟೆದುಕೊಂಡು ಅಳತೊಡಗಿತು. ಹಠಾತ್ತನೆ ಬರುವ ಸದ್ದಿಗೆ ಈ ತೊಂದರೆ ಇರುವ ಅನೇಕ ಮಕ್ಕಳು ಹಾಗೆ ಬೆಚ್ಚುತ್ತಾರೆ ಎಂಬುದು ತಾಯಿಗೆ ಗೊತ್ತಿತ್ತು; ನಾವು ಕೇಳಿರಲಿಲ್ಲ. ಉಳಿದ ಮಕ್ಕಳು ಸುತ್ತ ನಿಂತು ನೋಡಿದರು. ಅವರು ಮನೆಗೆ ಹೋದರು. ಇನ್ನು ಬರಲಾರರೆಂದೇ ತಿಳಿದಿದ್ದೆವು.

ಮುಂದಿನ ಬುಧವಾರ ಗುರುಗಳು ಬೇಗ ಬಂದರು. ತಾಯಿಯನ್ನೂ ಮಗುವನ್ನೂ ಅರ್ಧ ಗಂಟೆ ಮೊದಲೇ ಕರೆಸಿಕೊಂಡು, ಖಾಲಿ ಕೋಣೆಯಲ್ಲಿ ಚಂಡೆಯನ್ನು ಮಗುವಿನ ಕೈಯಿಂದಲೇ ಮುಟ್ಟಿಸಿದರು. ಬೆರಳಿನಿಂದ ಮೆಲ್ಲಗೆ ತಟ್ಟಿ ತೋರಿಸಿದರು. ಎರಡು ಕೈಯಲ್ಲಿ ತಾಳ ಹಿಡಿಯಲು ಅವಳಿಗೆ ಆಗದು. ಗುರುಗಳು ಒಂದು ತಾಳವನ್ನು ಅಡಿಗೆಮನೆಯ ಮಣೆಗೆ ಹುರಿಯಿಂದ ಕಟ್ಟಿ, ಇನ್ನೊಂದನ್ನು ಅವಳ ಬಲಗೈಗೆ ಕೊಟ್ಟರು. ಅವಳ ಪೆಟ್ಟು ಉಳಿದವರ ಲಯಕ್ಕೆ ಹಿಂದೆ ಬೀಳುತ್ತಿತ್ತು. ಅದಕ್ಕೂ ಅವರು ಉಪಾಯ ಕಂಡರು. ಪದ ಮುಗಿದಾಗಿನ ಕಡೆಯ ಪೆಟ್ಟು ಅವಳದು. ಅವಳು ಹೊಡೆಯುವವರೆಗೆ ಯಾರೂ ಕದಲುವಂತಿಲ್ಲ. ಕುಣಿಯುವವರು ಕಾಲೆತ್ತಿದ ಹಾಗೆಯೇ ನಿಂತಿರಬೇಕು. ಮಕ್ಕಳಿಗೆ ಇದೇ ಒಂದು ಆಟವಾಯಿತು. ಅವಳೂ ಬೇಕೆಂದೇ ತಡಮಾಡುವುದನ್ನು ಕಲಿತಳು. ಒಂಟಿಕಾಲಿನಲ್ಲಿ ನಿಂತವರು ಓಲಾಡಿ ಬೀಳುವುದನ್ನು ನೋಡಿ ಅವಳು ನಕ್ಕದ್ದು ಕೆಳಗಿನ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮಗೂ ಕೇಳಿಸಿತು.

ಅಂದಿನಿಂದ ಅವಳು ‘ಪಾಪದ ಮಗು’ ಆಗಿ ಉಳಿಯಲಿಲ್ಲ. ಅವಳ ಮೇಲೆ ದೂರು ಹೇಳುವವರೂ ಹುಟ್ಟಿಕೊಂಡರು. ದೂರು ಹೇಳಿಸಿಕೊಳ್ಳುವುದೂ ಮಕ್ಕಳ ನಡುವಿನ ಒಂದು ಸ್ಥಾನವೇ ಎಂದು ನಮಗೆ ಆಗ ಹೊಳೆಯಿತು.

ಬರುವ ಮಳೆಗಾಲಕ್ಕೆ ಮಕ್ಕಳಿಂದ ತಾಳಮದ್ದಳೆ ಮಾಡಿಸಬೇಕೆಂದು ಗುರುಗಳ ಯೋಜನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ರಾಮನೂ ರಾವಣನೂ ಕೂತೇ ಮಾತಾಡುತ್ತಾರೆ. ನಡೆಯಲಾಗದ ಮಗುವೂ ಓಡುವ ಮಗುವೂ ಒಂದೇ ಜಮಖಾನದ ಮೇಲೆ ಒಂದೇ ಎತ್ತರದಲ್ಲಿ ಕೂರುವ ಇಂಥ ಕಲೆ ನಮ್ಮ ಊರಿನಲ್ಲಿ ತಲೆತಲಾಂತರದಿಂದ ಇದ್ದರೂ ಈ ದೃಷ್ಟಿಯಿಂದ ನಾವು ಅದನ್ನು ನೋಡಿಯೇ ಇರಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳುವುದಿಲ್ಲ. ಕಳೆದ ಜುಲೈನಲ್ಲಿ ಅವಳು ಮೂರು ವಾರ ಬರಲಾಗಲಿಲ್ಲ. ಅವರ ಮನೆಯ ಕಚ್ಚಾ ದಾರಿಗೆ ಜೀಪು ಬರಲಿಲ್ಲ. ಕೋಣೆಯ ಹೊಸ್ತಿಲಿಗೆ ಈಗಲೂ ಒಂದೂವರೆ ಅಡಿ ಏರಿದೆ. ತಂದೆಯೋ ತಾಯಿಯೋ ಎತ್ತಿ ಒಳಗೆ ಬಿಡಬೇಕು. ಏಳು ವರ್ಷಕ್ಕೆ ಎತ್ತಬಹುದು, ಹನ್ನೆರಡು ವರ್ಷಕ್ಕೆ ಎತ್ತಲಾಗದು.

ಹುಡುಕುತ್ತಿರುವ ತಂದೆತಾಯಿಗಳಿಗೆ

ಇಂಥ ಮಗು ಇರುವ ಮನೆಗಳು ನಮ್ಮ ಸದಸ್ಯರಲ್ಲಿ ಇನ್ನೂ ಇವೆ. ಅವರಿಗೆ ಕೆಲವು ಮಾತು.

ಮೊದಲು ಮಗುವಿಗೆ ಏನು ಇಷ್ಟ ಎಂದು ನೋಡಿ. ಯಾವುದು ಮಗುವಿಗೆ ‘ಒಳ್ಳೆಯದು’ ಎಂಬುದನ್ನು ವೈದ್ಯರು ಹೇಳಿಯಾರು. ಯಾವುದು ಇಷ್ಟ ಎಂಬುದನ್ನು ಮಗುವೇ ತೋರಿಸಬೇಕು. ನೀರೋ, ಬಣ್ಣವೋ, ಹಾಡೋ, ದನಕರುವೋ, ಅದರಿಂದ ಶುರುಮಾಡಿ.

ಸೇರಿಸುವ ಮೊದಲು ಒಮ್ಮೆ ಜನವಿಲ್ಲದಾಗ ಜಾಗವನ್ನು ತೋರಿಸಿ ಬನ್ನಿ. ಮೊದಲ ಕೆಲವು ದಿನ ಅರ್ಧ ಗಂಟೆ ಸಾಕು. ಅಳುವ ಮೊದಲೇ ಮನೆಗೆ ಕರೆದುಕೊಂಡು ಬಂದರೆ ಮರುವಾರ ಹೋಗಲು ಮಗು ಒಪ್ಪುತ್ತದೆ.

ಕಲಿಸುವವರಿಗೆ ಕಾಯಿಲೆಯ ಹೆಸರಿಗಿಂತ ಮುಖ್ಯವಾಗಿ ನಾಲ್ಕು ವಿಷಯ ತಿಳಿಸಿ: ಮಗು ‘ಹೌದು’, ‘ಬೇಡ’ ಎಂಬುದನ್ನು ಹೇಗೆ ಹೇಳುತ್ತದೆ, ಯಾವುದಕ್ಕೆ ಬೆಚ್ಚುತ್ತದೆ ಅಥವಾ ದಣಿಯುತ್ತದೆ, ಶೌಚಕ್ಕೆ ಹೋಗಬೇಕಾದಾಗ ಹೇಗೆ ತಿಳಿಯುವುದು, ಯಾವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಅದರಲ್ಲಿ ಕೈಹಾಕಬಾರದು. ಫಿಟ್ಸ್ ಬರುವ ಮಗುವಾದರೆ ಅದನ್ನು ಮುಚ್ಚಿಡಬೇಡಿ. ಬಂದರೆ ಏನು ಮಾಡಬೇಕೆಂದು ವೈದ್ಯರಿಂದ ಬರೆಸಿಕೊಂಡು ಕೊಡಿ.

ತಾಯಿ ಸದಾ ಪಕ್ಕದಲ್ಲೇ ಕೂರುವುದು ಕ್ರಮೇಣ ತಪ್ಪಬೇಕು. ತಾಯಿ ಎದುರಿಗಿದ್ದರೆ ಉಳಿದ ಮಕ್ಕಳು ತಾಯಿಯೊಡನೆ ಮಾತಾಡುತ್ತಾರೆ, ಮಗುವಿನೊಡನೆ ಆಡುವುದಿಲ್ಲ. ಮೊದಲು ಪಕ್ಕದಲ್ಲಿ, ಆಮೇಲೆ ಬಾಗಿಲಲ್ಲಿ, ಆಮೇಲೆ ಹೊರಗಿನ ಬೆಂಚಿನಲ್ಲಿ. ಆ ಹೊತ್ತು ತಾಯಿಗೂ ಬೇಕಾದ ವಿರಾಮ ಎಂಬುದನ್ನು ಮರೆಯಬಾರದು.

ಕೇಳಬೇಕಾದ ಕಡೆ ಕೇಳಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆಂದೇ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರ ಹುದ್ದೆಯಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುರುತಿನ ಚೀಟಿ, ಸಾಧನ ಸಲಕರಣೆಗಳಿಗೆ ಅವರನ್ನು ಕಾಣಬಹುದು. ಪಂಚಾಯಿತಿಯ ಗ್ರಂಥಾಲಯವನ್ನು, ಈಗಿನ ಅರಿವು ಕೇಂದ್ರವನ್ನು, ಹಲವರು ಪತ್ರಿಕೆ ಓದುವ ಜಾಗವೆಂದಷ್ಟೇ ತಿಳಿದಿದ್ದಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತಾ ಬಂದಿದೆ. ಕತೆ ಕೇಳಲು ಕಾಲು ಬೇಕಾಗಿಲ್ಲ.

ಕಲಿಸುವವರಿಗೂ ಒಂದೆರಡು ಮಾತು. ಕಿವಿ ಕೇಳದ ಮಗುವಿದ್ದರೆ ಸೀಟಿಯ ಜೊತೆಗೆ ಒಂದು ಬಟ್ಟೆಯನ್ನೂ ಬೀಸಿ. ಆಟಿಸಂ ಇರುವ ಮಗುವಿದ್ದರೆ ಇಂದು ಏನೇನು, ಯಾವುದರ ನಂತರ ಯಾವುದು ಎಂದು ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸದ್ದು ಹೆಚ್ಚಾದಾಗ ಹೋಗಿ ಕೂರಲು ಒಂದು ಮೂಲೆಯಿರಲಿ. ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿಗೆ ಒಮ್ಮೆಗೆ ಒಂದೇ ಮಾತು ಹೇಳಿ, ಮಾಡಿ ತೋರಿಸಿ. ಇವು ಯಾವುದೂ ಉಳಿದ ಮಕ್ಕಳಿಗೆ ಕೆಡುಕಲ್ಲ. ಬಹಳ ಸಲ ಅವರಿಗೂ ಇದರಿಂದ ಸುಲಭವೇ ಆಗುತ್ತದೆ.

ಬಂದ ಆಕ್ಷೇಪಗಳು

‘ಒಂದು ಮಗುವಿಗಾಗಿ ಇಷ್ಟೆಲ್ಲ ಬೇಕೇ?’ ಎಂದು ಹಿರಿಯ ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು. ನೇರವಾಗಿ ಕೇಳಿದ್ದಕ್ಕೆ ಅವರಿಗೆ ಕೃತಜ್ಞರು. ನಮ್ಮ ಉತ್ತರವಿಷ್ಟೇ. ಆ ಒಂದು ಮಗು ಬರತೊಡಗಿದ ಮೇಲೆ ಇನ್ನೂ ಇಬ್ಬರು ತಾಯಂದಿರು ಬಂದು ವಿಚಾರಿಸಿದ್ದಾರೆ. ಒಬ್ಬರ ಮಗನಿಗೆ ಕಿವಿ ಕೇಳಿಸದು. ಹತ್ತಿರದ ಮನೆಯೇ ಆದರೂ ಹಾಗೊಬ್ಬ ಹುಡುಗ ಇದ್ದಾನೆಂಬುದು ನಮಗೆ ತಿಳಿದಿರಲಿಲ್ಲ. ಬಾಗಿಲು ಮುಚ್ಚಿರುವವರೆಗೆ ಹೊರಗೆ ಎಷ್ಟು ಮಂದಿ ನಿಂತಿದ್ದಾರೆಂದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ.

‘ಬಿದ್ದು ಪೆಟ್ಟಾದರೆ ಹೊಣೆ ಯಾರು?’ ಇದು ಸರಿಯಾದ ಪ್ರಶ್ನೆ. ಯಾವ ಮಗು ಬಿದ್ದರೂ ಹೊಣೆ ನಮ್ಮದೇ. ಅದಕ್ಕಾಗಿಯೇ ಕಲಿಸುವವರ ಜೊತೆ ದೊಡ್ಡವರು ಇನ್ನೊಬ್ಬರು ಇರಬೇಕು, ಸುಲಿಯುವ ಯಂತ್ರ ಮತ್ತು ಔಷಧಿಯ ಕೋಣೆಗೆ ಬೀಗವಿರಬೇಕು. ಇವು ಎಲ್ಲ ಮಕ್ಕಳಿಗಾಗಿ ಮೊದಲೇ ಇರಬೇಕಾಗಿದ್ದ ವ್ಯವಸ್ಥೆಗಳು.

‘ಉಳಿದ ಮಕ್ಕಳ ಕಲಿಕೆ ಹಿಂದೆ ಬೀಳುವುದಿಲ್ಲವೇ?’ ಸ್ವಲ್ಪ ನಿಧಾನವಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇವೆ. ಸ್ಪರ್ಧೆಗೆ ಸಿದ್ಧವಾಗುವ ದೊಡ್ಡ ಮಕ್ಕಳಿಗೆ ಗುರುಗಳು ಶನಿವಾರ ಅರ್ಧ ಗಂಟೆ ಹೆಚ್ಚಿಗೆ ಕೊಡುತ್ತಿದ್ದಾರೆ. ಆದರೆ ತನಗಿಂತ ನಿಧಾನವಿರುವವನಿಗಾಗಿ ಕಾಯುವುದನ್ನು ಕಲಿತ ಮಗು ಹಿಂದೆ ಬಿದ್ದಿತೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ.

‘ಇಂಥವರಿಗೆಂದೇ ಪ್ರತ್ಯೇಕ ತರಗತಿ ಮಾಡಿದರಾಗದೇ?’ ಎಂದವರೂ ಇದ್ದಾರೆ. ವಿಶೇಷ ತರಬೇತಿ ಬೇಕಾದ ಕಡೆ ಅದು ಬೇಕು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಹೋಗಲೇಬೇಕು. ಆದರೆ ಅಲ್ಲಿಂದ ಬಂದ ಮೇಲೆ ಮಗು ಬಾಳಬೇಕಾದದ್ದು ಈ ಊರಿನಲ್ಲೇ, ಈ ಮಕ್ಕಳ ನಡುವೆಯೇ. ನಾವು ಇಲ್ಲದ ಕಾಲದಲ್ಲಿ ಅವಳ ಅಡಿಕೆಯನ್ನು ತೂಗುವವರು, ಅವಳ ಮನೆಯ ಬಾಗಿಲು ತಟ್ಟಿ ‘ಹೇಗಿದ್ದೀಯೇ?’ ಎಂದು ಕೇಳುವವರು ಇಂದು ಒಂಟಿಕಾಲಿನಲ್ಲಿ ನಿಂತು ಅವಳ ಪೆಟ್ಟಿಗೆ ಕಾಯುತ್ತಿರುವ ಈ ಮಕ್ಕಳೇ. ‘ನಮ್ಮ ನಂತರ ಇವಳಿಗೆ ಯಾರು?’ ಎಂದು ಪ್ರತಿ ರಾತ್ರಿ ಚಿಂತಿಸುವ ತಂದೆತಾಯಿಗಳಿಗೆ ಇದಕ್ಕಿಂತ ದೊಡ್ಡ ಠೇವಣಿಯನ್ನು ಯಾವ ಬ್ಯಾಂಕೂ ಕೊಡಲಾರದು.

ಮಹಾಸಭೆಯ ಮುಂದಿಡುವ ವಿಷಯ

ಬರುವ ವಾರ್ಷಿಕ ಮಹಾಸಭೆಯಲ್ಲಿ ಮೂರು ಸಣ್ಣ ವಿಷಯಗಳನ್ನು ಮಂಡಿಸಲಿದ್ದೇವೆ.

ಒಂದನೆಯದು, ಗೋದಾಮಿನ ಮುಂದೆ ಇಳಿಜಾರು ದಾರಿ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಎಂಬುದು ಗಾಲಿಕುರ್ಚಿಗೆ ಒಪ್ಪಿತವಾದ ಲೆಕ್ಕ. ನಮ್ಮ ಒಂದೂವರೆ ಅಡಿಗೆ ಹದಿನೆಂಟು ಅಡಿ ಬೇಕು, ಪಕ್ಕಕ್ಕೆ ಹಿಡಿಕೆ ಬೇಕು, ಮಳೆಗೆ ಜಾರದಂತೆ ಮೇಲೆ ಗೀರು ಹಾಕಬೇಕು. ಜಲ್ಲಿ, ಸಿಮೆಂಟು ಸಂಘದ್ದು, ಕೆಲಸ ಶ್ರಮದಾನದಿಂದ ಆಗಲಿ. ಕಾಫಿ ಮೂಟೆಯ ತಳ್ಳುಗಾಡಿಯೂ ಅದರ ಮೇಲೆಯೇ ಹೋಗುವುದರಿಂದ ಹಮಾಲರು ಇದಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿದ್ದಾರೆ!

ಎರಡನೆಯದು, ಶೌಚಾಲಯದ ಬಾಗಿಲನ್ನು ಅಗಲ ಮಾಡಿ ಒಳಗೆ ಹಿಡಿಕೆ ಹಾಕಿಸುವುದು. ಮಂಡಿನೋವಿನ ನಮ್ಮ ಹಿರಿಯ ಸದಸ್ಯರಿಗೂ ಇದರ ಉಪಯೋಗವಿದೆ.

ಮೂರನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿಯ ದಿನಗಳಲ್ಲಿ ದೂರದ ಮನೆಗಳ ಮಕ್ಕಳನ್ನು ಕರೆತರಲು ಜೀಪಿನ ಬಾಡಿಗೆಯ ಅರ್ಧವನ್ನು ಸಾಮಾನ್ಯ ಹಿತನಿಧಿಯಿಂದ ಕೊಡುವುದು. ಇದು ಅಂಗವಿಕಲ ಮಕ್ಕಳಿಗೆ ಮಾತ್ರವಲ್ಲ, ಆ ದಾರಿಯಲ್ಲಿರುವ ಎಲ್ಲ ಮಕ್ಕಳಿಗೂ. ಒಂದೇ ಜೀಪಿನಲ್ಲಿ ಬಂದವರು ಒಳಗೆ ಬಂದ ಮೇಲೆ ಬೇರೆ ಬೇರೆಯಾಗುವುದಿಲ್ಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಅದರ ಹಿಂದೆ ಇದ್ದದ್ದು ಒಬ್ಬನಿಂದ ಆಗದ್ದನ್ನು ಹತ್ತು ಮಂದಿ ಸೇರಿ ಮಾಡಬಹುದೆಂಬ ನಂಬಿಕೆ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು ತತ್ವಗಳಲ್ಲಿ ಕಡೆಯದು ಸಮುದಾಯದ ಬಗೆಗಿನ ಕಾಳಜಿ. ಅದನ್ನು ನಮ್ಮ ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇವೆ. ಅದೂ ಮೇಲಂತಸ್ತಿನಲ್ಲಿದೆ. ಅದನ್ನು ಕೆಳಗಿಳಿಸುವ ಕಾಲ ಬಂದಿದೆ.

ಸದಸ್ಯರು ಮಹಾಸಭೆಗೆ ತಪ್ಪದೆ ಬನ್ನಿ. ಒಪ್ಪದವರು ಮೊದಲು ಬನ್ನಿ, ನಿಮ್ಮ ಆಕ್ಷೇಪವನ್ನೂ ಕೇಳುತ್ತೇವೆ. ಆದರೆ ಬರುವ ಮೊದಲು ಒಂದು ಬುಧವಾರ ಸಂಜೆ ಐದಕ್ಕೆ ಗೋದಾಮಿನ ಕೆಳಗಿನ ಕೋಣೆಗೆ ಬಂದು, ಪದ ಮುಗಿಯುವವರೆಗೆ ಬಾಗಿಲಲ್ಲಿ ನಿಂತು, ಕಡೆಯ ಪೆಟ್ಟು ಬೀಳುವುದನ್ನು ಕೇಳಿಸಿಕೊಂಡು ಹೋಗಬೇಕೆಂದು ವಿನಂತಿ.

— ಕಾರ್ಯದರ್ಶಿ